ಎಲೆಕೋಸಿನ ಘಾಟು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನಿಗೆ ಗೋಡೆ ಎಂದು ಹೆಸರು ಬಿದ್ದಿತ್ತು. ಎತ್ತರ, ಅಗಲ ಎರಡೂ ಆ ಹೆಸರಿಗೆ ಒಪ್ಪುವಂತಿದ್ದವು. ಆದರೆ ಹೆಸರು ಬಿದ್ದದ್ದು ಅದಕ್ಕಲ್ಲ. "ಗೋಡೆಗೂ ಕಿವಿ ಇರುತ್ತೆ ಅಂತಾರೆ. ಇವನಿಗೆ ಕಿವಿ ಮಾತ್ರ ಇರೋದು" ಎಂದು ಅಡುಗೆ ಮೇಸ್ತ್ರಿ ಒಮ್ಮೆ ಹೇಳಿದ್ದೇ ತಡ, ಹೆಸರು ಅಂಟಿಕೊಂಡಿತು. ಗೋಡೆ ಅದಕ್ಕೂ ತುಟಿ ಪಿಟಕ್ಕೆನ್ನಲಿಲ್ಲ.

ಆ ಅಡುಗೆಮನೆಯಲ್ಲಿ ಇದ್ದವರೆಲ್ಲ ಗಂಡಸರು. ಬೈಗುಳಕ್ಕೆ ಬರವಿರಲಿಲ್ಲ, ನಗೆಗೂ ಬರವಿರಲಿಲ್ಲ. ಯಾರ ಮುಂದೆಯೂ ಕಣ್ಣೀರು ಮಾತ್ರ ಹಾಕುವಂತಿರಲಿಲ್ಲ, ಅಷ್ಟೇ. ಆದರೆ ಕಣ್ಣೀರು ಗಂಡಸರ ಮಾತು ಕೇಳುವುದಿಲ್ಲವಲ್ಲ. ಹಾಗಾಗಿ ಅದಕ್ಕೊಂದು ವ್ಯವಸ್ಥೆಯಾಗಿತ್ತು. ಹಿಂಬಾಗಿಲ ಪಕ್ಕದ ಮೂಲೆಯಲ್ಲಿ ಒಂದು ಮೋಟು ಸ್ಟೂಲು, ಒಂದು ಹಲಗೆ, ಒಂದು ಈರುಳ್ಳಿ ಮೂಟೆ. ಮನೆಯಲ್ಲಿ ಏನಾದರೂ ಆಗಿ ಎದೆ ಭಾರವಾದವನು ಬೆಳಿಗ್ಗೆ ಬಂದವನೇ ಏಪ್ರನ್ ಕಟ್ಟಿಕೊಳ್ಳುತ್ತ, "ಇವತ್ತು ಈರುಳ್ಳಿ ನನಗಿರಲಿ" ಎನ್ನುತ್ತಿದ್ದ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವನು ಮೂಲೆಗೆ ಮುಖ ಮಾಡಿ ಕೂತು, ಹೆಚ್ಚಿ, ಅತ್ತು, ಮುಖ ತೊಳೆದು ಎದ್ದು ಬರುತ್ತಿದ್ದ. "ಘಾಟು" ಎಂದರೆ, ಉಳಿದವರು "ಹೌದು, ಈ ಸಲದ ಮಾಲು ಜೋರು" ಎನ್ನುತ್ತಿದ್ದರು. ಮಗಳು ಮದುವೆಯಾಗಿ ದೂರದೂರಿಗೆ ಹೋದ ವಾರ ಮೇಸ್ತ್ರಿ ಮೂಟೆಗೆ ಮೂಟೆಯನ್ನೇ ಮುಗಿಸಿದ್ದ. ಅವನ ಮೀಸೆ ಬಾಗಿಲಿನ ಚಿಲಕದಷ್ಟು ಗಟ್ಟಿ. ಆ ವಾರ ಅದರ ತುದಿಗಳೂ ತೊಯ್ದು ಕೆಳಗೆ ಜೋತುಬಿದ್ದಿದ್ದವು. ಊಟಕ್ಕೆ ಬಂದ ಕಾರ್ಮಿಕರು ಮಾತ್ರ, "ಏನಿದು, ಮೊಟ್ಟೆಯಲ್ಲಿ ಈರುಳ್ಳಿನೋ, ಈರುಳ್ಳಿಯಲ್ಲಿ ಮೊಟ್ಟೆನೋ?" ಎಂದು ಗೊಣಗಿದ್ದರು.

ಅಮ್ಮ ಹೋದ ಮೇಲೆ ಆ ಸ್ಟೂಲು ಹೆಚ್ಚುಕಡಿಮೆ ಗೋಡೆಯದೇ ಆಗಿತ್ತು.

ಅಮ್ಮ ಇದ್ದಾಗ ಮನೆಯಲ್ಲಿ ಮೂವರ ಮಾತನ್ನೂ ಅವಳೇ ಆಡುತ್ತಿದ್ದಳು. "ನಿಮ್ಮಪ್ಪ ಕೇಳ್ತಿದ್ದಾರೆ, ನಿಂಗೆ ಹೊಸ ಬೂಟು ಬೇಕಾ ಅಂತ" ಎನ್ನುತ್ತಿದ್ದಳು. ಅಪ್ಪ ಏನೂ ಕೇಳಿರುತ್ತಿರಲಿಲ್ಲ, ಪತ್ರಿಕೆ ಓದುತ್ತಿರುತ್ತಿದ್ದ. "ರೀ, ಇವನು ಹೇಳ್ತಿದ್ದಾನೆ, ನಿಮ್ಮ ಕೆಮ್ಮು ಕೇಳಿ ನಿದ್ದೆನೇ ಬರ್ಲಿಲ್ವಂತೆ" ಎನ್ನುತ್ತಿದ್ದಳು. ಇವನು ಹಾಗೆ ಹೇಳಿರುತ್ತಿರಲಿಲ್ಲ. ಆದರೆ ಅವಳು ಹೇಳಿದ್ದೆಲ್ಲ ನಿಜವೇ ಆಗಿರುತ್ತಿತ್ತು. ಬೂಟು ಬರುತ್ತಿತ್ತು, ಕೆಮ್ಮಿನ ಔಷಧಿಯೂ ಬರುತ್ತಿತ್ತು.

ಅಪ್ಪ ಕ್ರೇನು ನಡೆಸಿ ನಿವೃತ್ತನಾದವನು. ದುಡಿದ ವರ್ಷಗಳನ್ನೆಲ್ಲ ಆಕಾಶದಲ್ಲಿ, ಒಬ್ಬನೇ, ಗಾಜಿನ ಗೂಡಿನಲ್ಲಿ ಕಳೆದಿದ್ದ. ಕೆಳಗೆ ನಿಂತವನು ಕೈಸನ್ನೆ ಮಾಡಬೇಕು, ಮೇಲಿರುವವನು ಭಾರ ಎತ್ತಬೇಕು. ಮಾತಿಗೆ ಅಲ್ಲಿ ಜಾಗವೇ ಇಲ್ಲ. ಆ ಸನ್ನೆಗಳೇ ಮನೆಗೂ ಬಂದಿದ್ದವು. ಹೆಬ್ಬೆರಳು ಮೇಲೆ ಎಂದರೆ ಸರಿ, ಬಡಿಸು. ಮುಷ್ಟಿ ಎಂದರೆ ನಿಲ್ಲಿಸು, ಸಾಕು. ಅಂಗೈ ಕೆಳಗೆ ಮಾಡಿ ಮೆಲ್ಲಗೆ ತಗ್ಗಿಸಿದರೆ, ನಿಧಾನ, ಭಾರವನ್ನು ನಿಧಾನವಾಗಿ ಇಳಿಸು. ಅಮ್ಮನಿಲ್ಲದ ಮನೆಯಲ್ಲಿ ಇಬ್ಬರೂ ಹೀಗೆಯೇ ಸಂಸಾರ ಸಾಗಿಸುತ್ತಿದ್ದರು. ಹೊರಗಿನವರು ನೋಡಿದರೆ ಊಟದ ಮೇಜಿನ ಮೇಲೆ ಯಾರೋ ಸೇತುವೆ ಕಟ್ಟುತ್ತಿದ್ದಾರೆ ಎಂದುಕೊಳ್ಳಬೇಕು.

ಬೇರೆ ಊರಿನಲ್ಲಿದ್ದ ಅಕ್ಕ ಒಮ್ಮೆ ಬಂದಾಗ ಇದನ್ನು ನೋಡಿದಳು, ನೋಡಿ ಅವಳಿಗೆ ಸಾಕಾಯಿತು.

"ಇದೇನು ಮನೆನೋ, ಮೂಗರ ಆಸ್ಪತ್ರೆನೋ? ಅಮ್ಮನ ಹೆಸರಾದ್ರೂ ಒಂದ್ಸಲ ಎತ್ತಿದ್ರಾ ಇಬ್ರೂ?" ಎಂದಳು. "ಅಪ್ಪಾ, ಭಾನುವಾರ ಗಾಡಿ ತರ್ತೀನಿ. ನಮ್ಮನೇಗೆ ಬಂದ್ಬಿಡು. ನಮ್ಮನೇಲಿ ಮಾತು ಕೇಳಿ ಕೇಳಿ ಕಿವಿ ತೂತು ಬೀಳತ್ತೆ, ಆದ್ರೂ ಪರವಾಗಿಲ್ಲ."

ಅಪ್ಪ ಮಗನ ಕಡೆ ನೋಡಿದ. ಮಗ ಚಾವಣಿಯ ಕಡೆ ನೋಡಿದ. ಅಪ್ಪ ಹೆಬ್ಬೆರಳು ಎತ್ತಿದ.

'ಹೋಗಬೇಡ' ಎಂಬ ಒಂದು ಮಾತು ಗೋಡೆಯ ಗಂಟಲವರೆಗೆ ಬಂದು, ಬಾಗಿಲು ತೆರೆಯದ ಮನೆಯ ಮುಂದೆ ನಿಂತ ನೆಂಟನಂತೆ ನಿಂತು, ಹಿಂತಿರುಗಿತು. ಮಾತನಾಡುವ ಬದಲು ಅವನು ಎದ್ದು ಅಟ್ಟದ ಮೇಲಿದ್ದ ಸೂಟ್‌ಕೇಸನ್ನು ಇಳಿಸಿ, ಧೂಳು ಒರೆಸಿ, ಅಪ್ಪನ ಮಂಚದ ಪಕ್ಕ ಇಟ್ಟ. ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿರಲಿಲ್ಲ ಎಂದು ಆ ಕ್ಷಣದಲ್ಲಿ ಅವನಿಗೆ ಹೊಳೆಯಲಿಲ್ಲ.

ಮರುದಿನ ಈರುಳ್ಳಿ ಕೇಳೋಣ ಎಂದು ಬೇಗನೆ ಕ್ಯಾಂಟೀನಿಗೆ ಹೋದರೆ, ಮೂಲೆಯಲ್ಲಿ ಸ್ಟೂಲಿರಲಿಲ್ಲ. ಅದರ ಜಾಗದಲ್ಲಿ ಫಳಫಳ ಹೊಳೆಯುವ ಒಂದು ಯಂತ್ರ ಕೂತಿತ್ತು.

"ಇನ್ನು ಮೇಲೆ ನಿಮಗೆ ಕಣ್ಣುರಿ ಇಲ್ಲ!" ಎಂದು ಕ್ಯಾಂಟೀನಿನ ಮ್ಯಾನೇಜರ್ ಮೇಡಂ ಸಂಭ್ರಮದಿಂದ ಗುಂಡಿ ಒತ್ತಿದರು. ಯಂತ್ರ ಗುರ್ರೆಂದಿತು. ಮೇಲಿನಿಂದ ಹಾಕಿದ ಈರುಳ್ಳಿ ಕ್ಷಣದಲ್ಲಿ ಚೂರುಚೂರಾಗಿ ಮುಚ್ಚಿದ ಡಬ್ಬಿಗೆ ಬಿತ್ತು. ಎಳ್ಳಷ್ಟೂ ಘಾಟು ಹೊರಗೆ ಬರಲಿಲ್ಲ. "ನೋಡಿ, ಎಷ್ಟು ದಿನದಿಂದ ನೀವೆಲ್ಲ ಕಣ್ಣೀರು ಹಾಕೋದು ನೋಡಿ ನನಗೇ ಪಾಪ ಅನ್ನಿಸ್ತಿತ್ತು."

ಗಂಡಸರೆಲ್ಲ ಸಾಲಾಗಿ ನಿಂತು ಆ ಯಂತ್ರವನ್ನು ನೋಡಿದರು. ಮನೆಯ ಬಚ್ಚಲಿನ ಬಾಗಿಲನ್ನು ಯಾರೋ ಕಿತ್ತುಕೊಂಡು ಹೋದಂತಿತ್ತು ಅವರ ಮುಖ.

"ತುಂಬಾ ಒಳ್ಳೇದಾಯ್ತು ಮೇಡಂ" ಎಂದ ಮೇಸ್ತ್ರಿ, ಸತ್ತ ದನಿಯಲ್ಲಿ.

ಎರಡೇ ದಿನಕ್ಕೆ ಅಡುಗೆಮನೆ ರಣರಂಗವಾಯಿತು. ಹೆಂಡತಿಯೊಡನೆ ಜಗಳವಾಡಿ ಬಂದಿದ್ದ ಪಾತ್ರೆ ತೊಳೆಯುವವನು ತಟ್ಟೆಗಳ ಮೇಲೆ ಸಿಟ್ಟು ತೀರಿಸಿಕೊಂಡ. ಬ್ರೆಡ್ಡಿನ ಕೆಲಸದವನು ಮೆಣಸಿನ ಡಬ್ಬಿಗೆ ಮುಖ ಒಡ್ಡಿ ನೋಡಿದ. ಸೀನು ಬಂತೇ ಹೊರತು ಸಮಾಧಾನ ಬರಲಿಲ್ಲ. ಯಂತ್ರ ಕೆಟ್ಟರೆ ಸಾಕು ಎಂದು ಮೇಸ್ತ್ರಿ ಅದರ ಕಡೆ ದುರುಗುಟ್ಟಿ ನೋಡುತ್ತಿದ್ದ. ಅದು ಮಾತ್ರ ಒಳ್ಳೆಯ ಮನೆತನದ ಸೊಸೆಯಂತೆ ಕೆಲಸ ಮಾಡುತ್ತಲೇ ಇತ್ತು.

ಶನಿವಾರ ಗೋಡೆಗೆ ಹೆಚ್ಚಲು ಎಲೆಕೋಸು ಬಂತು.

ಎಲೆಕೋಸಿನಷ್ಟು ಸಾಧು ತರಕಾರಿ ಜಗತ್ತಿನಲ್ಲಿಲ್ಲ. ಅದಕ್ಕೆ ಘಾಟಿಲ್ಲ, ಮುಳ್ಳಿಲ್ಲ, ಸೊನೆಯಿಲ್ಲ. ಒಂದರ ಮೇಲೊಂದು ಎಲೆ ಹೊದ್ದು, ಒಳಗೆ ಏನೋ ಇದೆ ಎಂದು ತೋರಿಸಿಕೊಂಡು, ಕೊನೆಗೆ ನೋಡಿದರೆ ಮತ್ತೊಂದು ಎಲೆ. ಗೋಡೆ ಎರಡು ಹೋಳು ಮಾಡಿದ. ನಾಳೆ ಭಾನುವಾರ ಎಂದು ನೆನಪಾಯಿತು. ಬೆಳಿಗ್ಗೆ ಅಪ್ಪ ತನ್ನ ಹಳೆಯ ಟೋಪಿಯನ್ನು ಸೂಟ್‌ಕೇಸಿಗೆ ಹಾಕುವುದೋ ಬೇಡವೋ ಎಂದು ಕೈಯಲ್ಲಿ ಹಿಡಿದು ನಿಂತಿದ್ದು ನೆನಪಾಯಿತು. ಎಲೆಕೋಸಿನ ಮೇಲೆ ಒಂದು ಹನಿ ಬಿತ್ತು. ಆಮೇಲೆ ಕೋಡಿ ಒಡೆದಂತಾಯಿತು.

ಅಡುಗೆಮನೆ ಸ್ತಬ್ಧವಾಯಿತು. ನಲ್ಲಿ ನಿಂತಿತು, ಸೌಟು ನಿಂತಿತು. ಅಲ್ಲಿ ಮೌನದ ಬಗೆಗಳು ಹಲವಿದ್ದವು. ಸಿಟ್ಟಿನದು, ದಣಿವಿನದು, ಮ್ಯಾನೇಜರ್ ಬಂದಾಗಿನದು. ಇದು ಯಾವುದೂ ಅಲ್ಲ. ಎಲೆಕೋಸು ಹೆಚ್ಚುತ್ತ ಅಳುವವನನ್ನು ಏನು ಮಾಡಬೇಕು ಎಂದು ಯಾರಿಗೂ ಯಾರೂ ಕಲಿಸಿರಲಿಲ್ಲ.

ಮೊದಲು ಚೇತರಿಸಿಕೊಂಡವನು ಮೇಸ್ತ್ರಿ. "ಏನು ಘಾಟಪ್ಪಾ ಈ ಎಲೆಕೋಸು!" ಎಂದ, ಗಟ್ಟಿಯಾಗಿ.

"ಹೂಂ ಮೇಸ್ತ್ರಿ, ಇಲ್ಲೀವರೆಗೂ ಹೊಡೀತಿದೆ" ಎಂದು ಬ್ರೆಡ್ಡಿನವನು ಕಣ್ಣುಜ್ಜಿಕೊಂಡ. ಉಜ್ಜಿಕೊಳ್ಳಲು ಸಿಕ್ಕಿದ ಅವಕಾಶವನ್ನು ಅವನು ಪೂರ್ತಿಯಾಗಿ ಬಳಸಿಕೊಂಡ. ಪಾತ್ರೆ ತೊಳೆಯುವವನಂತೂ ಬಿಕ್ಕಿದ. ಕ್ಷಣದಲ್ಲಿ ಅಡುಗೆಮನೆಗೆ ಅಡುಗೆಮನೆಯೇ ಮೂಗು ಒರೆಸುತ್ತಿತ್ತು.

ಅಷ್ಟರಲ್ಲಿ ಮೇಡಂ ಒಳಗೆ ಬಂದರು. "ಏನಾಯ್ತು?"

"ಎಲೆಕೋಸು ಮೇಡಂ. ಭಾರಿ ಘಾಟು."

ಮೇಡಂ ಬುದ್ಧಿವಂತೆ, ಎಲೆಕೋಸಿಗೆ ಘಾಟಿಲ್ಲ ಎಂದು ಅವರಿಗೂ ಗೊತ್ತು. ಆದ್ದರಿಂದಲೇ ಅವರಿಗೆ ಗಾಬರಿಯಾಯಿತು. "ಅಯ್ಯೋ, ಏನೋ ಔಷಧಿ ಹೊಡೆದಿರ್ಬೇಕು! ಯಾರೂ ಮುಟ್ಟಬೇಡಿ!" ಎಂದವರೇ ತರಕಾರಿಯವನಿಗೆ ಫೋನು ಹಚ್ಚಿದರು. ಎಲೆಕೋಸಿನ ಬುಟ್ಟಿಗಳೆಲ್ಲ ಹೊರಗೆ ಅಂಗಳಕ್ಕೆ ಹೋದವು, ಹಿಂದೆಯೇ ಎಲ್ಲರೂ ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಎಲೆಕೋಸಿನ ಮಾತಿಗೆ ಗಂಡಸರೆಲ್ಲ ಕಣ್ಣು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ತರಕಾರಿಯವನು ಏದುಸಿರು ಬಿಡುತ್ತ ಬಂದ. ಬುಟ್ಟಿಯ ಮುಂದೆ ಕೂತು ಒಂದನ್ನು ಮೂಸಿದ. ಇನ್ನೊಂದನ್ನು ಮೂಸಿದ. ಮೂರನೆಯದನ್ನು ಕಚ್ಚಿ ತಿಂದ.

"ಅಮ್ಮಾ, ನಮ್ಮಪ್ಪನ ಕಾಲದಿಂದ ತರಕಾರಿ ಮಾರ್ತಿದ್ದೀವಿ. ಒಂದು ಔಷಧಿ ಹನಿ ಸೋಕಿಲ್ಲ. ನನ್ನ ಮಕ್ಕಳಿಗೆ ಇದನ್ನೇ ಹಾಕ್ತೀನಿ!"

"ಹಾಗಾದ್ರೆ ಇವರೆಲ್ಲ ಯಾಕೆ ಅಳ್ತಿದ್ದಾರೆ? ಸೋಮವಾರದಿಂದ ನೀವು ಬರೋದು ಬೇಡ" ಎಂದರು ಮೇಡಂ.

ತರಕಾರಿಯವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬೊಬ್ಬರೂ ಬೂಟು ನೋಡಿಕೊಂಡರು. ಅಂದು ಗಂಟಲವರೆಗೆ ಬಂದಿದ್ದ ನೆಂಟ ಮತ್ತೆ ಬಂದು ನಿಂತದ್ದು ಗೋಡೆಗೆ ಗೊತ್ತಾಯಿತು. ಈ ಸಲ ಆ ನೆಂಟ ಬಾಗಿಲು ತಟ್ಟಲಿಲ್ಲ, ಒದ್ದ.

"ಎಲೆಕೋಸು ಸರಿಯಾಗಿದೆ. ನಾನೇ ಅತ್ತಿದ್ದು."

ಗೋಡೆ ಮಾತಾಡಿದ್ದೇ ಮೊದಲ ಆಶ್ಚರ್ಯ. ಏನು ಮಾತಾಡಿದ ಎನ್ನುವುದು ಆಮೇಲೆ ತಿಳಿಯಿತು.

"ಯಾಕಪ್ಪಾ?" ಎಂದರು ಮೇಡಂ.

"ಅಪ್ಪ ನಾಳೆ ಅಕ್ಕನ ಮನೆಗೆ ಹೋಗ್ತಿದ್ದಾನೆ. ಒಬ್ಬನೇ ಆಗ್ಬಿಡ್ತೀನಿ. ಅಮ್ಮನೂ ಇಲ್ಲ." ಅಷ್ಟು ಹೇಳುವಷ್ಟರಲ್ಲಿ ಮತ್ತೆ ಅಳು ಬಂತು. ಸುತ್ತ ಈರುಳ್ಳಿಯಿರಲಿಲ್ಲ, ಮೂಲೆಯಿರಲಿಲ್ಲ. ಮೇಲೆ ಬರೀ ಆಕಾಶ.

ಯಾರೂ ನಗಲಿಲ್ಲ. ಆಕಾಶವೂ ಬೀಳಲಿಲ್ಲ. ತರಕಾರಿಯವನೇ ಹತ್ತಿರ ಬಂದು, ತನ್ನ ಹೆಗಲ ಮೇಲಿನ ಬಟ್ಟೆ ಕೊಟ್ಟ. "ಒರೆಸ್ಕೋಪ್ಪಾ. ನನ್ನ ಪ್ರಾಣ ಹೋಗಿ ಬಂತು ನೋಡು" ಎಂದ.

ಬ್ರೆಡ್ಡಿನವನು ಮೆಲ್ಲಗೆ, "ನಾನೂ ಸ್ವಲ್ಪ ಅತ್ತಿದ್ದೆ ಮೇಡಂ. ಅದೂ ಎಲೆಕೋಸಿಗಲ್ಲ" ಎಂದ. ಪಾತ್ರೆ ತೊಳೆಯುವವನು ಕೈ ಎತ್ತಿದ. ಮೇಸ್ತ್ರಿ ಮಾತ್ರ ಮೀಸೆ ತಿರುವಿ, "ನನ್ನದು ನಿಜವಾಗ್ಲೂ ನೆಗಡಿ" ಎಂದ. ಯಾರೂ ನಂಬಲಿಲ್ಲ, ಅವನೂ ನಂಬಿದಂತೆ ಕಾಣಲಿಲ್ಲ.

ಮೇಡಂ ಹೋದ ಮೇಲೆ ಮೇಸ್ತ್ರಿ ಗೋಡೆಯ ಪಕ್ಕ ಬಂದು ನಿಂತ. "ಲೇ, ಹೋಗಬೇಡ ಅಂತ ನಿಮ್ಮಪ್ಪನಿಗೆ ಹೇಳಿದ್ಯಾ?"

"ಇಲ್ಲ."

"ಶಹಬ್ಬಾಸ್! ಎಲೆಕೋಸಿಗೆ ಹೇಳ್ದೆ, ತರಕಾರಿಯವನಿಗೆ ಹೇಳ್ದೆ. ಅಪ್ಪನ್ನ ಬಿಟ್ಟು ಊರಿಗೆಲ್ಲ ಹೇಳಿದೀಯ. ನಾನೂ ಹಂಗೇ ಮಾಡಿದ್ದು. ಇವತ್ತಿಗೂ ನನ್ನ ಮಗಳು ಅಂದ್ಕೊಂಡಿದಾಳೆ, ಅಪ್ಪಂಗೆ ನಾನು ಹೋಗಿದ್ದೇ ಆರಾಮ ಅಂತ. ನಡಿ ಮನೆಗೆ."

ಮನೆಯಲ್ಲಿ ಸೂಟ್‌ಕೇಸು ಬಾಗಿಲ ಬಳಿ ನಿಂತಿತ್ತು. ಅಪ್ಪ ಅಡುಗೆಮನೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಅಮ್ಮ ಹೋದ ಮೇಲೆ ಮನೆಯ ಊಟದಲ್ಲಿ ಎಲ್ಲಕ್ಕೂ ಈರುಳ್ಳಿಯೇ ಹೆಚ್ಚು. ಅಪ್ಪನಿಗೆ ರುಚಿ ಎಂದು ಮಗ ಇಷ್ಟು ದಿನ ಸುಮ್ಮನೆ ತಿಂದಿದ್ದ. ಈಗ ಅಪ್ಪ ಮೂಲೆಗೆ ಮುಖ ಮಾಡಿ ಕೂತಿದ್ದನ್ನು ಅವನು ಮೊದಲ ಸಲ ನೋಡಿದಂತೆ ನೋಡಿದ. ಸ್ಟೂಲು ಕೂಡ ಮೋಟು ಸ್ಟೂಲೇ.

"ಅಪ್ಪಾ."

"ಹೂಂ."

"ಈರುಳ್ಳಿ..."

"ಹೂಂ."

"ಜಾಸ್ತಿ ಆಯ್ತು."

ಅಪ್ಪ ಮುಷ್ಟಿ ತೋರಿಸಿದ. ಸಾಕು, ನಿಲ್ಲಿಸುತ್ತೇನೆ. ಮಾತು ಮತ್ತೆ ತಪ್ಪಿಸಿಕೊಂಡು ಓಡಿತು. ಗೋಡೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಈರುಳ್ಳಿಯ ಹಲಗೆಯನ್ನೇ ಎತ್ತಿ ಹೊರಗಿಟ್ಟು, ಬಾಗಿಲು ಹಾಕಿ, ಬುಟ್ಟಿಯಿಂದ ಒಂದು ಆಲೂಗಡ್ಡೆ ತಂದು ಅಪ್ಪನ ಕೈಗಿತ್ತ. "ಇದನ್ನ ಹೆಚ್ಚು."

ಅಪ್ಪ ಹೆಚ್ಚತೊಡಗಿದ. ಆಮೇಲೆ ಅಪ್ಪ ಮೂಗು ಎಳೆದುಕೊಂಡ. ಕಣ್ಣು ಒರೆಸಿಕೊಂಡ. ಕೈಯಲ್ಲಿದ್ದ ಆಲೂಗಡ್ಡೆಯನ್ನು, ಕೊನೇ ಗಳಿಗೆಯಲ್ಲಿ ಕೈಕೊಟ್ಟ ಗೆಳೆಯನನ್ನು ನೋಡುವಂತೆ ನೋಡಿದ.

"ಹೋಗ್ಬೇಡಪ್ಪಾ" ಎಂದ ಮಗ.

ಚಾಕು ನಿಂತಿತು. "ಸೂಟ್‌ಕೇಸ್ ಇಳಿಸಿಕೊಟ್ಟವನು ನೀನೇ ಅಲ್ವೇನೋ?"

"ಹೆಬ್ಬೆರಳು ಎತ್ತಿದವನು ನೀನೇ ಅಲ್ವಾ?"

"ನಿಮ್ಮಕ್ಕನ ಮುಂದೆ ಇನ್ನೇನು ಎತ್ತಲಿ? ನಿನ್ನ ಮುಖ ನೋಡ್ದೆ. ನೀನು ಚಾವಣಿ ನೋಡ್ತಿದ್ದೆ. ಹುಡುಗನಿಗೆ ನಾನು ಭಾರ ಅಂದ್ಕೊಂಡೆ."

"ಅಮ್ಮ ಇದ್ದಿದ್ರೆ..." ಎಂದು ಶುರುಮಾಡಿದ ಮಾತು ಅರ್ಧದಲ್ಲಿ, ಕ್ರೇನಿನ ಕೊಕ್ಕೆಗೆ ಸಿಕ್ಕ ತೊಲೆಯಂತೆ, ಮೇಲೆಯೇ ತೂಗಾಡಿತು. ಆಗ ಅಪ್ಪ ಚಾಕು ಕೆಳಗಿಟ್ಟು, ಅಂಗೈ ಕೆಳಮುಖ ಮಾಡಿ, ಮೆಲ್ಲಗೆ, ತುಂಬಾ ಮೆಲ್ಲಗೆ ತಗ್ಗಿಸಿದ.

ಗೋಡೆ ಇಳಿಸಿದ. ಅಮ್ಮನ ಮಾತು, ಬೂಟಿನ ಮಾತು, ಎಲೆಕೋಸಿನ ಮಾತು, ಎಲ್ಲ. ಅಪ್ಪನೂ ಇಳಿಸಿದ. ಇನ್ನೊಂದು ವಿಷಯವೂ ಹೊರಬಿತ್ತು: ಅಪ್ಪನಿಗೆ ಈರುಳ್ಳಿ ಕಂಡರೆ ಮೊದಲಿಂದಲೂ ಆಗುತ್ತಿರಲಿಲ್ಲ.

ಭಾನುವಾರ ಅಕ್ಕ ಗಾಡಿ ತಂದಳು. ಬಾಗಿಲಲ್ಲಿದ್ದ ಸೂಟ್‌ಕೇಸು ಎತ್ತಿದರೆ ಖಾಲಿ.

"ಇವನು ಹೋಗ್ಬೇಡ ಅಂದ" ಎಂದ ಅಪ್ಪ, ಮಗನಿಗೆ ಬಹುಮಾನ ಬಂದವರ ಹೆಮ್ಮೆಯಲ್ಲಿ.

"ಬಾಯಿಬಿಟ್ಟು ಅಂದ್ನಾ?"

"ಬಾಯಿಬಿಟ್ಟೇ ಅಂದ. ನಿಮ್ಮಮ್ಮನ ವಿಷಯನೂ ಮಾತಾಡಿದ್ವಿ."

ಇಷ್ಟು ದಿನ ಇಬ್ಬರನ್ನೂ ಗದರಿಸುತ್ತ ತಾನೊಬ್ಬಳೇ ಗಟ್ಟಿಯಾಗಿ ನಿಂತಿದ್ದ ಅಕ್ಕ, ಸೂಟ್‌ಕೇಸಿನ ಮೇಲೆ ಕುಸಿದು ಕೂತು ಗೊಳೋ ಎಂದು ಅಳತೊಡಗಿದಳು. ಗಂಡಸರಿಬ್ಬರೂ ಗಾಬರಿಯಾದರು. ಗೋಡೆ ಅಡುಗೆಮನೆಗೆ ಓಡಿ, ಕೈಗೆ ಸಿಕ್ಕ ಈರುಳ್ಳಿ ಮತ್ತು ಚಾಕು ತಂದು ಅವಳ ಮುಂದೆ ಹಿಡಿದ.

ಅಪ್ಪ ಅಭ್ಯಾಸಬಲದಿಂದ ಮುಷ್ಟಿ ಎತ್ತಿದ. ಆಮೇಲೆ ಅದನ್ನು ಇಳಿಸಿ, ಬಾಯಿಬಿಟ್ಟೇ ಹೇಳಿದ.

"ಅದನ್ನ ಒಳಗಿಡೋ ಪೆದ್ದ. ಅವಳು ಸುಮ್ನೆ ಅಳಲಿ."