ಒಂದನೇ ಬಾಯಿಯ ದೀಪ ಆರುವವರೆಗೆ

ಕಿವಿಯಲ್ಲಿ ಕೇಳಿದ್ದನ್ನು ಬರೆದಿಡಬಾರದು ಎಂದು ನೀಲಕಂಠಸ್ವಾಮಿಗೆ ಎಂಟನೆಯ ವಯಸ್ಸಿನಲ್ಲೇ ಗುರುಗಳು ಹೇಳಿದ್ದರು. ದೀಕ್ಷೆಯ ದಿನ ಕೊಟ್ಟ ಮಂತ್ರವನ್ನು ಅವರು ನಲವತ್ತೆರಡು ವರ್ಷ ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಗುಂಡ್ಲುಪೇಟೆಯ ಪಾಲಿಟೆಕ್ನಿಕ್ಕಿಗೆ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ, ನೆಟ್‌ವರ್ಕ್ ಸ್ವಿಚ್ಚು ಬಂದು, ಅದರ ಪಾಸ್‌ವರ್ಡ್ ಇಡುವ ಕೆಲಸ ಲ್ಯಾಬ್ ನೋಡಿಕೊಳ್ಳುವ ಅವರ ಪಾಲಿಗೆ ಬಂದಾಗ, ಅದನ್ನೂ ಎಲ್ಲೂ ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಅವರಿಗೆ ಟೈಫಾಯ್ಡ್ ಬಂತು. ಇಪ್ಪತ್ತೊಂದು ದಿನ ಮಲಗಿ ಎದ್ದು ಲ್ಯಾಬಿಗೆ ಬಂದರೆ ಪಾಸ್‌ವರ್ಡ್ ನೆನಪಿಲ್ಲ. ಮನೆದೇವರ ಹೆಸರು ಹಾಕಿದರು, ಮಗಳು ನಯನಾಳ ಹೆಸರು ಹಾಕಿದರು. ಪೆಟ್ಟಿಗೆ ಒಪ್ಪಲಿಲ್ಲ.

"ಒಂದು ಚೀಟೀಲಿ ಬರ್ದು ದೇವ್ರ ಗೂಡಲ್ಲಿ ಮಡಗಿದ್ರೆ ಶಿವ ಓದ್ಕಬುಡ್ತಿದ್ನಾ?" ಎಂದು ಹೆಂಡತಿ ಮಂಗಳಗೌರಿ ಗಂಜಿ ಬಡಿಸುತ್ತಾ ಕೇಳಿದರು.

ಅವರಿಗೆ ನಗು ಬರಲಿಲ್ಲ. ಜ್ವರ ತಮ್ಮ ತಲೆಯನ್ನೇ ತೊಳೆದುಬಿಟ್ಟಿದೆಯೋ ಏನೋ ಎಂಬ ಭಯ ಒಳಗೇ ಕೊರೆಯುತ್ತಿತ್ತು. ಆ ಭಯಕ್ಕೆ ಮಂತ್ರ ಹೇಳಿಕೊಳ್ಳುವುದನ್ನೇ ಬಿಟ್ಟಿದ್ದರು. ಲಿಂಗವನ್ನು ಅಂಗೈಯಲ್ಲಿಟ್ಟು ನೋಡುತ್ತಾ ಕೂತು, ಸುಮ್ಮನೆ ಏಳುತ್ತಿದ್ದರು. ಹೇಳಲು ಹೋಗಿ ಅದೂ ಬಾರದಿದ್ದರೆ?

ಪರೀಕ್ಷೆಗೆ ಮುಂಚೆ ಹೊಸ ಲ್ಯಾಬನ್ನು ಸ್ವಿಚ್ಚಿಗೆ ಸೇರಿಸಬೇಕಿತ್ತು. ಪ್ರಿನ್ಸಿಪಾಲರು ಚಾಮರಾಜನಗರದಿಂದ ಭಾನು ಎಂಬ ಎಂಜಿನಿಯರನ್ನು ಕರೆಸಿದರು. ಉಡಿಗಾಲದ ಹುಡುಗಿ. ಬಸ್ಸಿಳಿದು ಬಂದವಳ ಚೀಲದಲ್ಲಿ ಒಂದು ನೀಲಿ ಕೇಬಲ್ಲು, ಒಂದು ಟಿಫಿನ್ ಡಬ್ಬಿ.

"ಪಾಸ್‌ವರ್ಡ್ ಹುಡುಕಿ ಕೊಟ್ಟೀಯೇನವ್ವ?" ಎಂದು ನೀಲಕಂಠಸ್ವಾಮಿ ಕೇಳಿದರು.

"ಅದ ಯಾರೂ ಹುಡುಕಕಾಗಲ್ಲ ಸಾರ್. ಬ್ಯಾರೆ ದಾರಿ ಅದೆ."

"ಅಳಿಸಿಬುಟ್ರೆ ನಾನು ಮೂರು ತಿಂಗ್ಳು ಅದ್ರೊಳಗೆ ತುಂಬಿದ್ದೆಲ್ಲ ಓಯ್ತದಲ್ಲ!"

"ಒಂದಕ್ಷರಾನೂ ಅಳ್ಸಲ್ಲ. ಅದು ತನ್ನ ನೆನಪು ಓದ್ಕಳ್ದಂಗೆ ಎಬ್ಬಿಸ್ಬೇಕು, ಅಷ್ಟೆ. ನೀವು ಈ ಗುಂಡಿ ಒತ್ತಿ ಹಿಡ್ಕಳಿ, ನಾನು ಹಿಂದ್ಗಡೆಯಿಂದ ಕರೆಂಟು ಕೊಡ್ತೀನಿ. ಒಂದನೇ ಬಾಯಿ ಮ್ಯಾಲಿನ ದೀಪ ಆರೋಗಂಟ ಬುಡ್ಬ್ಯಾಡಿ."

ಕೇಬಲ್ಲು ಚುಚ್ಚುವ ಇಪ್ಪತ್ನಾಲ್ಕು ಬಾಯಿಗಳ ಪೆಟ್ಟಿಗೆ ಅದು. ಅವರು ಬೆರಳಿಟ್ಟರು. ಜ್ವರದ ನಿಶ್ಶಕ್ತಿಗೆ ದೀಪ ಆರುವ ಮೊದಲೇ ಬೆರಳು ಜಾರಿತು. ಪೆಟ್ಟಿಗೆ ಎಂದಿನಂತೆ ಎದ್ದು ಮತ್ತೆ ಪಾಸ್‌ವರ್ಡ್ ಕೇಳಿತು.

"ಅವಸರ ಮಾಡ್ಬುಟ್ರಿ ಸಾರ್. ಮನಸ್ನಲ್ಲಿ ಏನಾರ ಹೇಳ್ಕತಾ ಹಿಡ್ಕಳಿ. ನಮ್ಮಜ್ಜಿ ಮೂಗಮ್ಮ ಹಾಲು ಕಾಯೋಗಂಟ ಪದ ಹೇಳ್ಕತದೆ, ಒಂದು ದಿನಾನೂ ಉಕ್ಸಿಲ್ಲ."

ಎರಡನೇ ಸಲ ಗುಂಡಿ ಒತ್ತಿದರು. ಏನು ಹೇಳಿಕೊಳ್ಳಲಿ ಎಂದು ಯೋಚಿಸುವ ಮೊದಲೇ ಮಂತ್ರ ತಾನಾಗಿ ಎದ್ದು ಬಂತು. ಒಂದೊಂದೇ ಅಕ್ಷರ, ಗುರುಗಳ ಉಸಿರಿನ ಬಿಸಿಯ ಸಮೇತ. ಕೊನೆಯವರೆಗೂ ಬಂದು, ಮತ್ತೆ ಮೊದಲಿಂದ ಹರಿಯತೊಡಗಿತು. ದೀಪ ಆರಿದ್ದು ಅವರಿಗೆ ತಿಳಿಯಲಿಲ್ಲ.

"ಬುಡಿ ಸಾರ್, ಆಯ್ತು! ಗುಂಡಿ ಒಳಕ್ಕೆ ಓಗ್ಬುಟ್ಟಾತು!"

ನೀಲಿ ಕೇಬಲ್ಲಿನಿಂದ ಪೆಟ್ಟಿಗೆಗೆ ಜೋಡಿಸಿದ್ದ ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ಸಾಲು ಬಂದು ನಿಂತವು. ಪೆಟ್ಟಿಗೆ ಎದ್ದಿತ್ತು, ತಾನು ಯಾರೆಂದು ಅದಕ್ಕೆ ಗೊತ್ತಿರಲಿಲ್ಲ. ಭಾನು, ಪಾಸ್‌ವರ್ಡೂ ಸೇರಿ ಅದರ ನೆನಪೆಲ್ಲ ಇದ್ದ ಕಡತಕ್ಕೆ ಬೇರೆ ಹೆಸರಿಟ್ಟಳು. ಹೆಸರು ಬದಲಾದ ಕಡತವನ್ನು ಗುರುತು ಹಿಡಿಯದೆ ಪೆಟ್ಟಿಗೆ ಪೂರ್ತಿ ಕಣ್ಣು ಬಿಟ್ಟು, ಎಲ್ಲವನ್ನೂ ಹೊಸದಾಗಿ ಶುರು ಮಾಡಲೇ ಎಂದು ಕೇಳಿತು.

"ಈಗ ಬ್ಯಾಡ ಅನ್ಬೇಕು ಸಾರ್. ಹೂಂ ಅಂದ್ರೆ ಕೆಟ್ಟೋ."

ಬೇಡವೆಂದಳು. ಬೀಗವೇ ಇಲ್ಲದ ಮನೆಯೊಳಗೆ ಇಬ್ಬರೂ ನಿಂತಂತಿತ್ತು. ಆಮೇಲೆ ಕಡತಕ್ಕೆ ಅದರ ಹಳೆಯ ಹೆಸರನ್ನೇ ಮರಳಿಸಿ, ಓದಿಕೋ ಎಂದು ಪೆಟ್ಟಿಗೆಗೆ ಹೇಳಿದಳು. ಸಾಲುಗಳು ಮೂಡತೊಡಗಿದ ಕೂಡಲೇ ಪರದೆಗೆ ಟಿಫಿನ್ ಡಬ್ಬಿಯ ಟವೆಲ್ ಮುಚ್ಚಿದಳು.

"ಪಾಸ್‌ವರ್ಡ್ ಮರ್ತ್ರೆ ಎಲ್ಲಾ ಮರ್ತಂಗಾ ಸಾರ್? ಏಳನೇ ಬಾಯ್ಗೆ ಏನು ಹೆಸ್ರು ಕೊಟ್ಟಿದ್ರಿ, ಹೇಳಿ ನೋಡನ."

"ಲೈಬ್ರರಿ."

"ಹನ್ನೊಂದು?"

"ಡ್ರಾಯಿಂಗ್ ಹಾಲು. ಅಲ್ಲಿ ವೈರು ಇಲಿ ಕಡ್ದಿತ್ತು ಕಣವ್ವ. ಎರಡು ಸರ್ತಿ ಎಳ್ಸಿದ್ದೆ."

ಟವೆಲ್ ತೆಗೆದಳು. ಏಳರಲ್ಲಿ ಲೈಬ್ರರಿ. ಹನ್ನೊಂದರಲ್ಲಿ ಡ್ರಾಯಿಂಗ್ ಹಾಲು. ಇಷ್ಟು ದಿನವೂ ಅದು ಅಲ್ಲೇ, ಒಂದಿಷ್ಟೂ ಮಾಸದೆ ಕೂತಿತ್ತು. ನೀಲಕಂಠಸ್ವಾಮಿ ತಮಗೇ ಅರಿವಿಲ್ಲದೆ ಪೆಟ್ಟಿಗೆಗೆ ಕೈಮುಗಿದರು.

"ಕುಂಕುಮ ಗಿಂಕುಮ ಇಟ್ಬುಟ್ಟೀರಿ ಸಾರ್, ತೂತೊಳಕ್ಕೆ ಉದುರೋಯ್ತದೆ. ಹೊಸ ಪಾಸ್‌ವರ್ಡ್ ಹಾಕಿ, ನಾನು ನೋಡಲ್ಲ."

ಅವಳು ಕಿಟಕಿಯತ್ತ ತಿರುಗಿದಳು. ಅವರು ಕೀಲಿಮಣೆ ಒತ್ತಿದರು. ಬದಲಾದದ್ದೆಲ್ಲ ಪೆಟ್ಟಿಗೆಯಲ್ಲಿ ಉಳಿಯುವಂತೆ ಮಾಡಿ, ಭಾನು ಕೇಬಲ್ಲು ಸುತ್ತಿಕೊಂಡಳು. ನೀಲಕಂಠಸ್ವಾಮಿ ಯಾರೂ ಕೇಳದೆಯೇ ಒಂದು ಕಾಗದ ತೆಗೆದು ಹೊಸ ಪಾಸ್‌ವರ್ಡನ್ನು ದಪ್ಪಕ್ಷರದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿದರು.

"ಇದು ಪ್ರಿನ್ಸಿಪಾಲರ ಬೀರೂಲಿ ಇರ್ಲಿ ಕಣವ್ವ. ಇದನ್ನ ಬರೀಬೌದು."

ಸಂಜೆ ಮಂಗಳಗೌರಿ ಹೂವಿನ ತಟ್ಟೆ ಹಿಡಿದು ದೇವರ ಕೋಣೆಗೆ ಬಂದರು. ಗಂಡನ ಕಣ್ಣು ಮುಚ್ಚಿತ್ತು. ಇಷ್ಟು ದಿನ ಅಲ್ಲಾಡದಿದ್ದ ತುಟಿ ಅಲ್ಲಾಡುತ್ತಿತ್ತು. ಆಕೆ ತಟ್ಟೆಯನ್ನು ಸದ್ದಾಗದಂತೆ ಹೊಸ್ತಿಲ ಬಳಿ ಇಟ್ಟು, ಬಾಗಿಲಲ್ಲೇ ನಿಂತರು.