ಕಪ್ಪು ಬಟ್ಟೆಯ ಕೆಳಗಿನ ಅಮ್ಮ

ಅಕ್ಕನ ಫೋಟೋಗೆ ಕ್ಯಾಮೆರಾ ಬೇಕಿರಲಿಲ್ಲ. ತಾರಸಿಯಲ್ಲಿ ಆಳುದ್ದದ ಫೋಟೋ ಕಾಗದ ಹಾಸಿ, ಅದರ ಮೇಲೆ ಅಮ್ಮನನ್ನೇ ಅಂಗಾತ ಮಲಗಿಸಿದ್ದಳು. ಬಿಸಿಲು ತಾಗಿದಲ್ಲಿ ಕಾಗದ ಕಪ್ಪಾಗುತ್ತದೆ, ಮೈ ಮುಚ್ಚಿದಲ್ಲಿ ತಿಳಿಯಾಗಿ ಉಳಿಯುತ್ತದೆ.

"ಅಲ್ಲಾಡ್ಬೇಡಮ್ಮ!"

"ಮೂಗು ಕೆರೀತಿದೆ ಕಣೇ. ಯಾರಾದ್ರೂ ಪುಣ್ಯ ಕಟ್ಕೊಳ್ರೋ."

ಪಕ್ಕದಲ್ಲಿದ್ದ ತಮ್ಮ ಬಗ್ಗಿ ಅಮ್ಮನ ಮೂಗು ಕೆರೆದ. ಆಸ್ಪತ್ರೆಯಲ್ಲಿ ದಿನವಿಡೀ ಎಕ್ಸ್‌ರೇ ತೆಗೆಯುವವನು ಅವನು. ಅಕ್ಕನ ಪ್ರಯೋಗಗಳೆಂದರೆ ಅವನಿಗೆ ನಗು. ಆದರೆ ಕಾಗದ ಎತ್ತಿದಾಗ ಅವನೇ ಮಂಡಿಯೂರಿ ಹತ್ತಿರ ಬಾಗಿದ. ಬಾಗಿದ ಭುಜ, ಅಗಲಿಸಿದ ಬೆರಳು, ಬಿಚ್ಚಿದ ಕೂದಲಿನ ಒಂದೊಂದು ಎಳೆ. ನೇರಳೆಗಪ್ಪಿನಲ್ಲಿ ಅಮ್ಮ ತೇಲುತ್ತಿದ್ದಳು.

"ಬೇಗ ಚಿತ್ರ ಉಳಿಸೋ ದ್ರಾವಣಕ್ಕೆ ಹಾಕಕ್ಕ, ಇಲ್ದಿದ್ರೆ ಪೂರ್ತಿ ಕಪ್ಪಾಗುತ್ತೆ."

"ಹಾಕಲ್ಲ, ಹಾಕಿದ್ರೆ ಈ ಬಣ್ಣ ಸತ್ತುಹೋಗುತ್ತೆ. ಮೇಲೊಂದು ಕಪ್ಪು ಬಟ್ಟೆ ಇಳಿಬಿಡ್ತೀನಿ. ಪ್ರದರ್ಶನಕ್ಕೆ ಬಂದವರು ಎತ್ತಿ ನೋಡ್ಲಿ. ನೋಡ್ತಾ ನೋಡ್ತಾ ಅಳಿಸಿಹೋಗ್ಲಿ."

"ತಲೆ ಕೆಟ್ಟಿದ್ಯಾ? ಅದು ಅಮ್ಮ!"

"ಅಮ್ಮ ಇಲ್ಲೇ ಬೆನ್ನು ನೀವ್ಕೊಳ್ತಾ ಕೂತಿದ್ದಾಳಲ್ಲೋ."

ಪ್ರದರ್ಶನದ ದಿನ ಜನ ಬಟ್ಟೆಯ ಅಂಚು ಎತ್ತಿ, ಕಳ್ಳರಂತೆ ಇಣುಕಿ, ತಟ್ಟನೆ ಬಿಡುತ್ತಿದ್ದರು. ನೋಡಿದಷ್ಟೂ ಅಳಿಯುತ್ತದೆಂಬ ಚೀಟಿ ಓದಿ ಎಷ್ಟೋ ಮಂದಿ ಮುಟ್ಟಲೇ ಇಲ್ಲ. ಪಕ್ಕದಲ್ಲೇ ತಮ್ಮ ಕಾವಲು ನಿಂತಿದ್ದ. ಮಧ್ಯಾಹ್ನ ಅಮ್ಮ ಬಂದವಳೇ ಬಟ್ಟೆಯನ್ನು ಪೂರ್ತಿ ಕೆಳಗೆಳೆದು, ಕುರ್ಚಿ ತರಿಸಿಕೊಂಡು ಎದುರಿಗೆ ಕೂತಳು.

"ಇದಕ್ಕೋಸ್ಕರ ನನ್ನ ಬೆನ್ನು ಹಿಡ್ಕೊಂಡಿದೆ. ಕಣ್ತುಂಬ ನೋಡ್ದೆ ಬಿಡ್ತೀನಾ?"

ಜನ ಸುತ್ತ ನೆರೆದರು. ದೊಡ್ಡ ಕಿಟಕಿಗಳ ಬಿಸಿಲಿನಲ್ಲಿ ಮೊದಲು ಕೂದಲು ಕರಗಿತು, ಆಮೇಲೆ ಬೆರಳು. ಅಕ್ಕನ ಮುಖ ಬಿಳಿಚಿಕೊಂಡಿತು.

"ಕೊನೇ ದಿನದವರೆಗೂ ತಡೆಯುತ್ತೆ ಅಂದ್ಕೊಂಡಿದ್ದೆ ಕಣೋ," ಎಂದಳು ಮೆಲ್ಲಗೆ.

ಕೆಳಗೆ ಬಿದ್ದಿದ್ದ ಬಟ್ಟೆಯನ್ನು ತಮ್ಮ ಎತ್ತಿಕೊಂಡು, ಮುಚ್ಚಲೇ ಎಂಬಂತೆ ಅವಳತ್ತ ನೋಡಿದ. ಅವಳು ಕಣ್ಣೊರೆಸಿಕೊಂಡು, ಬೇಡವೆಂದು ತಲೆಯಾಡಿಸಿದಳು. ತಾವೇ ಹಿಡಿದ ಹಟಕ್ಕೆ ಇಷ್ಟು ನಿಯತ್ತಾಗಿ ನಿಂತವರನ್ನು ಅವನು ಕಂಡಿರಲಿಲ್ಲ. ಬಟ್ಟೆ ಮಡಚಿ ಕಂಕುಳಲ್ಲಿಟ್ಟುಕೊಂಡ.

ಸಂಜೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಕಾಗದ ಆಗಲೇ ಒಂದೇ ಸಮ ಕಪ್ಪಾಗಿತ್ತು.

"ಅಯ್ಯೋ, ಎಲ್ಲಾ ಹೋಯ್ತಾ? ನಾನೇನು ನೋಡ್ಲಿ ಈಗ?"

ತಮ್ಮನೇ ಮುಂದೆ ಬಂದ.

"ಇಲ್ಲಿ ಭುಜ ಇತ್ತು ನೋಡಿ," ಎಂದು ಕಪ್ಪು ಕಾಗದದ ಮುಂದೆ ಕೈಯಾಡಿಸುತ್ತ ಹೇಳತೊಡಗಿದ. "ಕೂದಲಂತೂ, ಒಂದೊಂದು ಎಳೇನೂ ಎಣಿಸ್ಬಹುದಿತ್ತು. ನಮ್ಮಕ್ಕ ಮಾಡಿದ್ದು."