ಎಲ್ಲಿ ಸಾರ್?

ಗಣಿತ ವಿಭಾಗದಲ್ಲಿ ದೂರಶಿಕ್ಷಣದ ಪಾಠವೆಂದರೆ ಯಾರಿಗೂ ಬೇಡದ ಕೂಸು. ವರ್ಷದ ಮೊದಲ ಸಭೆಯಲ್ಲಿ ಆ ಮಾತು ಬಂದರೆ ಸಾಕು, ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ಸಂಶೋಧನೆಯ ಅವಸರ. ಈ ಸಲ ಅದು ಬಂದು ಬಿದ್ದದ್ದು ದುಂಡು ಮೇಷ್ಟ್ರ ತಲೆಗೆ. ಆಸಾಮಿ ನೋಡಿದರೆ ಒಣಕಡ್ಡಿ. ಕಂಪಾಸು ಮುಟ್ಟದೆ ಒಂದೇ ಬೀಸಿಗೆ ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದರಲ್ಲ, ಅದಕ್ಕೇ ಆ ಹೆಸರು.

“ಮುಖ ನೋಡದೆ ಪಾಠ ಮಾಡೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ” ಎಂದು ಮೂಗು ಮುರಿದ ಮೇಷ್ಟ್ರು ಒಂದು ಉಪಾಯ ಹೂಡಿದರು. ತರಗತಿಯ ಮೇಜಿನ ಮೇಲೆ ರೆಕಾರ್ಡರ್ ಇಟ್ಟು, ಎದುರಿಗೆ ಕೂತವರಿಗೆ ಮಾಡಿದ ರೇಖಾಗಣಿತವನ್ನೇ ದೂರದವರಿಗೂ ಕಳಿಸಿದರು. ಹದಿನೆಂಟು ಪಾಠ, ಒಂದೇ ಕಲ್ಲಿಗೆ ಎರಡು ಹಕ್ಕಿ. ಆಹಾ, ಏನು ಜಾಣತನ!

ಪರೀಕ್ಷೆಗೆ ಎರಡು ತಿಂಗಳಿರುವಾಗ ದೂರದ ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಮನೆಯಲ್ಲೇ ಬರೆದ ಉತ್ತರಪತ್ರಿಕೆಗಳು ಬಂದವು. ಒಂದರಲ್ಲಿ ಉತ್ತರವೇ ಇರಲಿಲ್ಲ. ಆಸ್ಪತ್ರೆಯ ನರ್ಸೊಬ್ಬಳು ನಾಲ್ಕು ಸಾಲು ಬರೆದಿದ್ದಳು.

“ಸಾರ್, ಮೊದಲ ಪಾಠವನ್ನು ಬಸ್ಸಿನಲ್ಲಿ ನಿಂತು ನಾಲ್ಕು ಸಲ ಕೇಳಿದೆ. ‘ಇಲ್ಲಿ ನೋಡಿ’ ಎಂದು ನಲವತ್ತೊಂದು ಸಲ ಹೇಳಿದ್ದೀರಿ. ಎಲ್ಲಿ ಸಾರ್? ಪರೀಕ್ಷೆಗೆ ಕೂರುತ್ತಿರುವುದು ಇದು ಮೂರನೇ ಸಲ. ಈಗಲೂ ಫೇಲಾದರೆ ನನ್ನ ಹೆಸರು ತೆಗೆದುಹಾಕುತ್ತಾರೆ.”

‘ಅಧಿಕಪ್ರಸಂಗಿ!’ ಎಂದುಕೊಂಡ ಮೇಷ್ಟ್ರು ರೆಕಾರ್ಡರ್ ಹಾಕಿ ಎಣಿಸಲು ಕೂತರು. “ಇಲ್ಲಿಂದ ಇದನ್ನ ಹೀಗೆ ತಂದ್ರೆ, ಇಲ್ಲಿ ನೋಡಿ, ಇದೂ ಅದೂ ಒಂದೇ!” ಚಾಕ್‌ಪೀಸಿನ ಕಿರ್‍ರ್ ಸದ್ದು. ಹುಡುಗರ “ಹೌದು ಸಾರ್”. ಲೆಕ್ಕ ನಲವತ್ತೊಂದಲ್ಲ, ನಲವತ್ತಮೂರು. ಪಾಪ, ದಾಕ್ಷಿಣ್ಯಕ್ಕೆ ಎರಡು ಬಿಟ್ಟಿದ್ದಳೇನೋ. ಮೇಷ್ಟ್ರಿಗೆ ನಾಚಿಕೆಯಾಯಿತು.

“ಹದಿನೆಂಟನ್ನೂ ಹೊಸದಾಗಿ ಮಾಡ್ತೀನಿ” ಎಂದಾಗ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ನೋಡಿದರು.

“ನಿಮಗ್ಯಾಕ್ರೀ ಈ ಉಸಾಬರಿ? ಆ ಕೋರ್ಸಿಗೆ ಅಷ್ಟು ಸಾಕು. ಯಾರು ಕೇಳ್ತಾರೆ?”

“ಒಬ್ಬಳು ಕೇಳಿದಾಳೆ ಸಾರ್. ನಾಲ್ಕು ಸಲ.”

ಮನೆಯಲ್ಲಿ ಹೊಸ ಏರ್ಪಾಡಾಯಿತು. ಹೆಂಡತಿ ಬೆನ್ನು ತಿರುಗಿಸಿ ಕೂತು, ಕಿವಿಗೆ ಬಿದ್ದದ್ದನ್ನಷ್ಟೇ ಬರೆಯಬೇಕು. ಮೊದಲ ದಿನ ತ್ರಿಕೋನ ಹೇಳಿದರೆ ಹಾಳೆಯ ಮೇಲೆ ಚಪ್ಪಲಿ ಮೂಡಿತು.

“ಏನೇ ಇದು?”

“ನೀವು ಹೇಳಿದ್ದೇ ರೀ! ಇಪ್ಪತ್ತಾರು ವರ್ಷದಿಂದ ‘ಅದನ್ನ ತಾ, ಇಲ್ಲಿಡು’ ಅಂತಲೇ ಸಂಸಾರ ಮಾಡಿದೀರಿ. ನಾನಾಗಿದ್ದಕ್ಕೆ ಅರ್ಥ ಮಾಡ್ಕೊಂಡೆ. ಆ ಹುಡುಗಿ ಏನು ಮಾಡ್ಬೇಕು?”

ಮೇಷ್ಟ್ರು ಹಟಕ್ಕೆ ಬಿದ್ದರು. ಕೈ ಸುಮ್ಮನಿರದೆಂದು ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ‘ಇಲ್ಲಿ’ ಎಂದು ಬಾಯಿ ಜಾರಿದರೆ ಪಾಠ ಮತ್ತೆ ಮೊದಲಿನಿಂದ. ಮೂರನೇ ಪಾಠ ಹನ್ನೊಂದು ಸಲವಾಯಿತು. ಗಂಟಲು ಕಟ್ಟಿತು. ಬಿಸಿನೀರು ಕುಡಿದು ಮತ್ತೆ ಶುರು. “ಒಂದು ಅಡ್ಡಗೆರೆ ಎಳೀರಿ. ಎಡತುದಿಗೆ ‘ಅ’ ಅಂತ ಬರೀರಿ, ಬಲತುದಿಗೆ ‘ಬ’. ಈಗ ‘ಅ’ದಿಂದ ನೆಟ್ಟಗೆ ಮೇಲಕ್ಕೆ...” ಅಂತೂ ಒಂದು ಸಂಜೆ ಹೆಂಡತಿಯ ತ್ರಿಕೋನ ತ್ರಿಕೋನವೇ ಆಯಿತು. ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಮುಗಿದ ಮುಗಿದ ಹಾಗೆ ಪಾಠ ಕಳಿಸಿದರು. ಕೊನೆಯದು ಹೋದಾಗ ಪರೀಕ್ಷೆಗೆ ಆರೇ ದಿನ ಉಳಿದಿತ್ತು.

ಫಲಿತಾಂಶದ ದಿನ ಹಾಳೆಗಳು ಮೇಜಿಗೆ ಬಂದವು. ಬಿಡಿಸಿ ನೋಡಲು ಮೇಷ್ಟ್ರಿಗೆ ಧೈರ್ಯ ಸಾಲದು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಸಾರ್, ನಾನು, ನರ್ಸು. ಪರೀಕ್ಷಾ ಕೇಂದ್ರದಲ್ಲಿ ರಿಸಲ್ಟ್ ಹಾಳೆ ಅಂಟಿಸಿದ್ದಾರೆ. ನಿಮ್ಮ ಮುಂದೂ ಅದೇ ಇದೆಯಾ? ಇಲ್ಲಿ ನೋಡಿ ಸಾರ್!”

“ಎಲ್ಲಮ್ಮಾ?”

ಆ ಕಡೆಯಿಂದ ಕಿಸಕ್ಕನೆ ನಗು.

“ಎರಡನೇ ಪುಟ ಸಾರ್. ಮೇಲಿಂದ ಏಳನೇ ಸಾಲು. ಎಡತುದಿಗೆ ನನ್ನ ನಂಬರು, ಮುನ್ನೂರ ಹನ್ನೆರಡು. ಅದರಿಂದ ಬಲಕ್ಕೆ ಒಂದು ಅಡ್ಡಗೆರೆ ಎಳೀರಿ.”

ಮೇಷ್ಟ್ರು ಸ್ಕೇಲಿಟ್ಟು ನಿಧಾನವಾಗಿ ಎಳೆದರು. ಗೆರೆ ಬಲತುದಿಗೆ ಹೋಗಿ ‘ತೇರ್ಗಡೆ’ ಎಂಬ ಪದದ ಕೆಳಗೆ ನಿಂತಿತು.